ದುಡಿಮೆ, ಬಿಡುವು, ಪರಿಸರ, ಯೋಗಕ್ಷೇಮ: ಸಮುದಾಯದ ಅಧ್ಯಯನ ಮಾಡುವ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ "ಸಮುದಾಯದ ಯೋಗಕ್ಷೇಮ: ಒಂದು ಅಧ್ಯಯನ" ಎಂದು ಬರೆದುಕೊಂಡು ಬರುವ ವಿದ್ಯಾರ್ಥಿಗಳು ಬಹಳ. ಶೀರ್ಷಿಕೆಯೇನೋ ಚೆನ್ನಾಗಿದೆ. ಆದರೆ ಅದರಡಿ ಏನನ್ನು ಬೇಕಾದರೂ ತುಂಬಬಹುದು. ಹಾಗಾಗಿ ಕೊನೆಗೆ ಪರಿಸರಕ್ಕೊಂದು ಅಧ್ಯಾಯ, ದುಡಿಮೆಗೊಂದು, ಮನರಂಜನೆಗೊಂದು, ಆರೋಗ್ಯಕ್ಕೊಂದು ಅಂತ ನಾಲ್ಕು ಅಧ್ಯಾಯ ಆಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ.

ಈ ನಾಲ್ಕೂ ಕೂಡುವ ಜಾಗ ಒಂದೇ: ಒಬ್ಬ ಮನುಷ್ಯನ ಒಂದು ದಿನ. ದುಡಿಮೆಗೆ ಎಷ್ಟು ಗಂಟೆ ಹೋಯಿತು? ಉಳಿದದ್ದರಲ್ಲಿ ಬಿಡುವು ಎಷ್ಟು? ಆ ಬಿಡುವಿನಲ್ಲಿ ಹೊರಗೆ ಹೋಗೋಣ ಅಂದರೆ ನೆರಳು, ಗಾಳಿ, ಸದ್ದು ಹೇಗಿವೆ? ಇಷ್ಟೆಲ್ಲ ಆದ ಮೇಲೆ ಮನಸ್ಸಿಗೆ ನೆಮ್ಮದಿ ಇದೆಯಾ? ಹೀಗೆ ಕೇಳುತ್ತಾ ಹೋದರೆ ನಾಲ್ಕು ವಿಷಯಗಳೂ ತಾವಾಗಿಯೇ ಒಂದೇ ದಾರಕ್ಕೆ ಬರುತ್ತವೆ. ಈ ಬರಹದ ಎಲ್ಲ ಹಂತಗಳನ್ನೂ ಇದೇ ನಂಬಿಕೆಯ ಮೇಲೆ ಕಟ್ಟಿದ್ದೇನೆ.

ಇದಕ್ಕೆ ಒಳ್ಳೆಯ ಮಾದರಿಯೊಂದಿದೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂತಾಲ್ ಎಂಬ ಪುಟ್ಟ ಊರು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ, ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. 1931ರಲ್ಲಿ ಮಾರಿ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋದರು. ಕೆಲಸ ಇಲ್ಲ ಅಂದ ಮೇಲೆ ಜನಕ್ಕೆ ಬಿಡುವು ಜಾಸ್ತಿ, ಓದು ಆಟ ಎಲ್ಲ ಹೆಚ್ಚಬೇಕಲ್ವಾ? ಆದದ್ದು ಉಲ್ಟಾ. ಗ್ರಂಥಾಲಯದ ಶುಲ್ಕ ತೆಗೆದುಹಾಕಿದ ಮೇಲೂ ಜನ ಒಯ್ಯುವ ಪುಸ್ತಕಗಳು ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದವು. ಸಂಶೋಧಕರು ಕಿಟಕಿಯ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಂತು, ಮುಖ್ಯ ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ ಎಂದು ಅಳೆದರು. ಗಂಡಸರು ನಿಧಾನಕ್ಕೆ, ಮತ್ತೆ ಮತ್ತೆ ನಿಂತು ಸಾಗುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಹಾಗೇ ಉಳಿದಿತ್ತು, ಅವರ ನಡಿಗೆ ಚುರುಕಾಗಿತ್ತು. ಗ್ರಂಥಾಲಯದ ದಾಖಲೆ, ಒಂದು ಗಡಿಯಾರ, ದಿನಚರಿಯ ಹಾಳೆಗಳು, ಮಾತುಕತೆ. ಇದ್ಯಾವುದೂ ವಿದ್ಯಾರ್ಥಿಯ ಕೈಗೆ ಸಿಗದ ವಸ್ತುವಲ್ಲ.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

ಒಳ್ಳೆಯ ಸಂಶೋಧನಾ ಪ್ರಶ್ನೆಯಲ್ಲಿ ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕೂ ಇರಬೇಕು. "ಕಾರ್ಮಿಕರ ಬಿಡುವಿನ ಸಮಸ್ಯೆಗಳು" ಎಂಬುದು ಪ್ರಶ್ನೆಯೇ ಅಲ್ಲ. "ಈ ಬಡಾವಣೆಯಲ್ಲಿ ರಾತ್ರಿ ಪಾಳಿ ಮಾಡುವವರು ವಾರದಲ್ಲಿ ಎಷ್ಟು ಹೊತ್ತು ಹೊರಗಿನ ಬಯಲಲ್ಲಿ ಕಳೆಯುತ್ತಾರೆ, ಹಗಲು ಪಾಳಿಯವರಿಗೂ ಇವರಿಗೂ ವ್ಯತ್ಯಾಸ ಇದೆಯಾ, ಇದ್ದರೆ ಅವರನ್ನು ತಡೆಯುವುದು ಏನು?" ಇದು ಪ್ರಶ್ನೆ. ಇದರಲ್ಲಿ ದುಡಿಮೆ, ಬಿಡುವು, ಪರಿಸರ ಮೂರೂ ಇವೆ. ಕೊನೆಯಲ್ಲಿ ಯೋಗಕ್ಷೇಮದ ಒಂದು ಅಳತೆ ಸೇರಿಸಿದರೆ ನಾಲ್ಕಾಯಿತು.

ಪ್ರಶ್ನೆ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಉತ್ತರ ನೀವು ಅಂದುಕೊಂಡಿದ್ದಕ್ಕಿಂತ ಬೇರೆ ಬರುವ ಸಾಧ್ಯತೆ ಇದೆಯಾ? "ಮಾಲಿನ್ಯ ಆರೋಗ್ಯಕ್ಕೆ ಹಾನಿಕರವೇ?" ಎಂದು ಕೇಳಿದರೆ ಉತ್ತರ ಮೊದಲೇ ಗೊತ್ತು. ಅಂಥ ಪ್ರಶ್ನೆಗೆ ತಿಂಗಳುಗಟ್ಟಲೆ ಕಷ್ಟಪಡುವುದು ಬೇಡ.

ಸಮಯದ ಲೆಕ್ಕವನ್ನೂ ಈಗಲೇ ಹಾಕಿ. ಹನ್ನೆರಡು ವಾರ ಸಿಕ್ಕರೆ, ಪ್ರಶ್ನೆ ಮತ್ತು ಜಾಗದ ಪರಿಚಯಕ್ಕೆ ಮೂರು ವಾರ, ಪ್ರಾಯೋಗಿಕ ಸಮೀಕ್ಷೆಗೆ ಒಂದು, ಕ್ಷೇತ್ರ ಕಾರ್ಯಕ್ಕೆ ನಾಲ್ಕು, ಮಾಹಿತಿ ತುಂಬಿ ವಿಶ್ಲೇಷಿಸಲು ಎರಡು, ಬರವಣಿಗೆಗೆ ಎರಡು. ಮೊದಲ ಮೂರು ವಾರವನ್ನು ಕಡಿಮೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ.

2. ಪ್ರಶ್ನಾವಳಿ ಹಿಡಿಯುವ ಮೊದಲು ಸುಮ್ನೆ ಓಡಾಡಿ

ಬೆಳಗ್ಗೆ, ಮಧ್ಯಾಹ್ನ, ಸಂಜೆ, ಕತ್ತಲಾದ ಮೇಲೆ ಒಂದೊಂದು ಸಲ ಅದೇ ದಾರಿಯಲ್ಲಿ ನಡೆದು ನೋಡಿ. ಬೆಳಗ್ಗೆ ಮಕ್ಕಳು ಆಡುವ ಬಯಲು ರಾತ್ರಿ ವಾಹನ ನಿಲ್ಲಿಸುವ ಜಾಗ ಆಗಿರಬಹುದು. ಒಂದು ಕೈನಕ್ಷೆ ಬರೆಯಿರಿ: ಕುಳಿತುಕೊಳ್ಳುವ ಜಾಗ, ನೆರಳು, ಬೀದಿದೀಪ, ಶೌಚಾಲಯ, ಕೆಲಸದ ಜಾಗಗಳು, ಸದ್ದು ಹೊಗೆ ಇರುವ ಕಡೆ. ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆ ತೆರೆದು ನಿಮ್ಮ ನಕ್ಷೆಯ ಪಕ್ಕ ಇಟ್ಟು ನೋಡಿ. ಎರಡರ ನಡುವೆ ಇರುವ ವ್ಯತ್ಯಾಸವೇ ಎಷ್ಟೋ ಸಲ ಒಳ್ಳೆಯ ಪ್ರಶ್ನೆ ಹುಟ್ಟಿಸುತ್ತದೆ. ಜನಗಣತಿ, ಆರೋಗ್ಯ ಸಮೀಕ್ಷೆ ಮುಂತಾದ ಸರ್ಕಾರಿ ಅಂಕಿಅಂಶ ಬಳಸುವುದಾದರೆ ಅದು ಯಾವ ವರ್ಷದ್ದು, ಯಾವ ಗಡಿಯೊಳಗಿನದು ಎಂದು ಬರೆದಿಟ್ಟುಕೊಳ್ಳಿ.

3. ಒಪ್ಪಿಗೆ ಮತ್ತು ಸುರಕ್ಷತೆ

ಈ ಹಂತವನ್ನು ಬರೀ ಸಹಿ ಹಾಕಿಸುವ ಕೆಲಸ ಅಂದುಕೊಳ್ಳುವವರು ಇದ್ದಾರೆ. ಅದು ಸರಿಯಲ್ಲ. ಮನುಷ್ಯರ ಮೇಲಿನ ಸಂಶೋಧನೆಗೆ ಬಂದಿರುವ ನೀತಿಗಳ ತಿರುಳನ್ನು ಅಮೆರಿಕದ 1979ರ ಬೆಲ್ಮಾಂಟ್ ವರದಿ ಮೂರು ಮಾತಿನಲ್ಲಿ ಇಟ್ಟಿತು: ವ್ಯಕ್ತಿಯ ಮೇಲೆ ಗೌರವ, ಒಳಿತು ಮಾಡುವುದು, ನ್ಯಾಯ. ಗೌರವ ಅಂದರೆ ಎದುರಿಗಿರುವವರು "ಇಲ್ಲ" ಅನ್ನುವಷ್ಟು ಆರಾಮಾಗಿರಬೇಕು. ಅಧ್ಯಯನ ಯಾತಕ್ಕೆ, ಎಷ್ಟು ಹೊತ್ತು ಹಿಡಿಯುತ್ತದೆ, ಉತ್ತರ ಯಾರು ನೋಡುತ್ತಾರೆ, ನಡುವೆ ನಿಲ್ಲಿಸಬಹುದು, ಇಷ್ಟನ್ನು ಅವರ ಮಾತಿನಲ್ಲೇ ಹೇಳಿ. ಓದಲು ಬಾರದವರಿಗೆ ಓದಿ ಹೇಳಿ. ಮಕ್ಕಳಾದರೆ ಪೋಷಕರ ಒಪ್ಪಿಗೆಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಕಾಲೇಜಿನಲ್ಲಿ ನೈತಿಕ ಸಮಿತಿ ಇದ್ದರೆ ಅನುಮತಿ ಸಿಗುವವರೆಗೂ ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ.

ದುಡಿಮೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮಾಲೀಕರ ಅಥವಾ ಮೇಲ್ವಿಚಾರಕರ ಎದುರಲ್ಲಿ ಸಂದರ್ಶನ ಬೇಡ. ಅವರು ಆರಿಸಿ ಕಳಿಸಿದವರನ್ನು ಮಾತ್ರ ಮಾತಾಡಿಸುವುದೂ ಬೇಡ. "ನಮ್ಮ ಪಾಳಿಯಲ್ಲಿರುವ ಒಬ್ಬಳೇ ಮಹಿಳಾ ಚಾಲಕಿ" ಎಂದು ವರದಿಯಲ್ಲಿ ಬರೆದರೆ ಹೆಸರು ಬರೆಯದೆಯೂ ಆಕೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಒಬ್ಬರ ಕೆಲಸಕ್ಕೇ ಕುತ್ತು ಬರಬಹುದಾದ ಮಾಹಿತಿ ಅದು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಹೆಸರು ಮತ್ತು ಸಂಖ್ಯೆ ಜೋಡಿಸುವ ಹಾಳೆ ಬೇರೆ ಕಡೆ ಇರಲಿ.

ಯೋಗಕ್ಷೇಮದ ಪ್ರಶ್ನೆ ಕೇಳುವಾಗ ಯಾರಾದರೂ ಅತ್ತುಬಿಡಬಹುದು, ತುಂಬ ಕಷ್ಟದಲ್ಲಿರುವುದನ್ನು ಹೇಳಬಹುದು. ಆಗ ಪೆನ್ನು ಕೆಳಗಿಡಿ. ಎಲ್ಲಿ ನೆರವು ಸಿಗುತ್ತದೆ ಎಂಬ ಚೀಟಿ ಮೊದಲೇ ಕೈಯಲ್ಲಿರಲಿ.

4. ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು

ಇಡೀ ಅಧ್ಯಯನದ ಜೀವ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ದಿನಚರಿ. ಒಂದು ಹಾಳೆಯಲ್ಲಿ ನಿನ್ನೆಯ 24 ಗಂಟೆಯನ್ನು ಅರ್ಧ ಗಂಟೆಯ 48 ಸಾಲುಗಳಾಗಿ ಮಾಡಿ. ಪ್ರತಿ ಸಾಲಿಗೂ ನಾಲ್ಕು ಅಂಕಣ: ಏನು ಮಾಡುತ್ತಿದ್ದಿರಿ, ಅದರ ಜೊತೆಗೆ ಇನ್ನೇನು ಮಾಡುತ್ತಿದ್ದಿರಿ, ಎಲ್ಲಿದ್ದಿರಿ, ಜೊತೆಗೆ ಯಾರಿದ್ದರು. "ಸಾಮಾನ್ಯವಾಗಿ ದಿನಕ್ಕೆ ಎಷ್ಟು ಗಂಟೆ ಬಿಡುವು?" ಎಂದು ಕೇಳಿದರೆ ಜನ ಅಂದಾಜು ಹೇಳುತ್ತಾರೆ. "ನಿನ್ನೆ ಸಂಜೆ ಆರಕ್ಕೆ ಎಲ್ಲಿದ್ರಿ?" ಎಂದರೆ ನೆನಪು ಹೇಳುತ್ತಾರೆ. ಎರಡಕ್ಕೂ ತುಂಬ ವ್ಯತ್ಯಾಸ ಇದೆ.

ಎರಡನೆಯ ಅಂಕಣ ಯಾಕೆ ಬೇಕು ಎಂಬುದಕ್ಕೆ ಒಂದು ಮಾತುಕತೆ ಹೀಗಿರಬಹುದು:

"ಅಕ್ಕಾ, ನೀವು ಏನು ಕೆಲಸ ಮಾಡ್ತೀರಿ?"
"ಏನೂ ಇಲ್ಲಪ್ಪ, ಮನೇಲೇ ಇರ್ತೀನಿ."
"ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಏನ್ಮಾಡ್ತಿದ್ರಿ?"
"ಟಿವಿ ನೋಡ್ತಿದ್ದೆ."
"ಟಿವಿ ನೋಡ್ತಾ ಬೇರೆ ಏನಾದ್ರೂ ಮಾಡ್ತಿದ್ರಾ?"
"ಬಟ್ಟೆಗೆ ಗುಂಡಿ ಹಾಕ್ತಿದ್ದೆ, ಒಂದೊಂದಕ್ಕೆ ಇಷ್ಟು ಅಂತ ಕೊಡ್ತಾರೆ. ಅತ್ತೆಗೆ ಹುಷಾರಿಲ್ಲ, ಅವರನ್ನೂ ನೋಡ್ಕೋಬೇಕಿತ್ತು."

ಮೊದಲ ಪ್ರಶ್ನೆಗೆ ಬಂದ ಉತ್ತರ ಅಷ್ಟನ್ನೇ ಬರೆದುಕೊಂಡಿದ್ದರೆ ಆಕೆ ನಿಮ್ಮ ಪಟ್ಟಿಯಲ್ಲಿ ಕೆಲಸವಿಲ್ಲದವಳು. ಎರಡನೆಯದಕ್ಕೆ ನಿಂತಿದ್ದರೆ ಬಿಡುವಾಗಿದ್ದವಳು. ನಿಜಕ್ಕೂ ಆಕೆ ಆ ಹೊತ್ತಿನಲ್ಲಿ ಕೂಲಿ ಕೆಲಸ, ಆರೈಕೆ ಎರಡನ್ನೂ ಮಾಡುತ್ತಿದ್ದಳು. ಅಂತಾರಾಷ್ಟ್ರೀಯ ಮಟ್ಟದಲ್ಲೂ ಇದೇ ನೋಟ ಇದೆ. 2013ರಲ್ಲಿ ಕಾರ್ಮಿಕ ಅಂಕಿಅಂಶ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ ಸಂಬಳವಿಲ್ಲದ ಮನೆಗೆಲಸ, ಆರೈಕೆ, ಸ್ವಯಂಸೇವೆಯನ್ನೂ ದುಡಿಮೆ ಎಂದೇ ಎಣಿಸಿತು. ಸಂಬಳಕ್ಕೋ ಲಾಭಕ್ಕೋ ಮಾಡುವ ಉದ್ಯೋಗ ಅದರ ಒಂದು ಭಾಗ ಮಾತ್ರ. ವಾರದಲ್ಲಿ ಒಂದೇ ಒಂದು ಗಂಟೆ ಅಂಥ ಕೆಲಸ ಮಾಡಿದರೂ ಅಂಕಿಅಂಶದಲ್ಲಿ ಉದ್ಯೋಗಿಯೇ. ಆದ್ದರಿಂದ "ಉದ್ಯೋಗ ಇದೆ/ಇಲ್ಲ" ಎಂಬ ಒಂದು ಪ್ರಶ್ನೆಯ ಮೇಲೆ ಅಧ್ಯಯನ ನಿಲ್ಲಿಸಬೇಡಿ. ಎಷ್ಟು ಗಂಟೆ, ಯಾವ ಪಾಳಿ, ಹೋಗಿ ಬರಲು ಎಷ್ಟು ಹೊತ್ತು, ವಾರದ ರಜೆ ಇದೆಯಾ, ರಜೆಗೆ ಸಂಬಳ ಕಟ್ ಆಗುತ್ತದಾ, ಇವನ್ನೆಲ್ಲ ಕೇಳಿ. ಹೋಲಿಕೆಗೆ ಒಂದು ಅಳತೆಗೋಲು ಬೇಕಾದರೆ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಮೊದಲನೇ ಒಪ್ಪಂದವೇ ಕೈಗಾರಿಕೆಯಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು.

ದಿನಚರಿಯ ಚಟುವಟಿಕೆಗಳನ್ನು ಗುಂಪು ಮಾಡಲು ವಿಶ್ವಸಂಸ್ಥೆಯ 2016ರ ವರ್ಗೀಕರಣದಲ್ಲಿ ಒಂಬತ್ತು ದೊಡ್ಡ ವಿಭಾಗಗಳಿವೆ. ವಿದ್ಯಾರ್ಥಿ ಅಧ್ಯಯನಕ್ಕೆ ಐದಾರು ಸಾಕು: ಸಂಪಾದನೆಯ ಕೆಲಸ, ಸಂಬಳವಿಲ್ಲದ ಕೆಲಸ ಮತ್ತು ಆರೈಕೆ, ಓದು, ಓಡಾಟ, ಬಿಡುವು, ನಿದ್ದೆ ಊಟ ಸ್ನಾನ. ಪ್ರತಿ ಹಾಳೆಯ ಮುಖ್ಯ ಚಟುವಟಿಕೆಗಳ ಮೊತ್ತ 1440 ನಿಮಿಷ ಬರಲೇಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ, ಅವರ ಬಳಿ ಹೋಗಿ ಮತ್ತೆ ಕೇಳಿ.

ಯೋಗಕ್ಷೇಮಕ್ಕೆ ನೀವೇ ಹೊಸ ಪ್ರಶ್ನೆ ಕಟ್ಟುವ ಬದಲು ಪರೀಕ್ಷಿಸಿದ ಅಳತೆ ಬಳಸಿ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಸೂಚ್ಯಂಕ ಇದಕ್ಕೆ ತುಂಬ ಅನುಕೂಲ. ಕಳೆದ ಎರಡು ವಾರದಲ್ಲಿ ಮನಸ್ಸು ಖುಷಿಯಾಗಿತ್ತೇ, ಶಾಂತವಾಗಿತ್ತೇ, ಲವಲವಿಕೆ ಇತ್ತೇ, ಬೆಳಗ್ಗೆ ಎದ್ದಾಗ ಹಗುರ ಅನಿಸುತ್ತಿತ್ತೇ, ದಿನದಲ್ಲಿ ಆಸಕ್ತಿಯ ಸಂಗತಿಗಳು ಇದ್ದವೇ, ಇಷ್ಟೇ. ಪ್ರತಿ ಉತ್ತರಕ್ಕೆ 0ಯಿಂದ 5 ಅಂಕ. 25ಕ್ಕೆ ಬಂದ ಒಟ್ಟು ಅಂಕವನ್ನು ನಾಲ್ಕರಿಂದ ಗುಣಿಸಿದರೆ ನೂರರ ಅಳತೆಗೆ ಬರುತ್ತದೆ. 50ಕ್ಕಿಂತ ಕಡಿಮೆ ಇದ್ದರೆ ಯೋಗಕ್ಷೇಮ ಕುಗ್ಗಿದೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಆದರೆ ಇದು ರೋಗದ ಪತ್ತೆ ಅಲ್ಲ. ವರದಿಯಲ್ಲಿ ಯಾರಿಗೂ "ಖಿನ್ನತೆ ಇದೆ" ಎಂದು ಬರೆಯುವ ಹಕ್ಕು ನಮಗಿಲ್ಲ. ಪ್ರಶ್ನೆಗಳನ್ನು ನೀವೇ ಅನುವಾದ ಮಾಡಿದರೆ, ಇನ್ನೊಬ್ಬರಿಂದ ಮೂಲ ಭಾಷೆಗೆ ತಿರುಗಿ ಅನುವಾದ ಮಾಡಿಸಿ ಅರ್ಥ ಕೂಡುತ್ತದಾ ನೋಡಿ.

ಬಿಡುವಿನ ಜಾಗಗಳನ್ನು ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಮೇಲು. ಇದಕ್ಕೆ ಸೋಪಾರ್ಕ್ ಎಂಬ ವಿಧಾನ ಇದೆ. ಉದ್ಯಾನ ಅಥವಾ ಬಯಲನ್ನು ಭಾಗಗಳಾಗಿ ಮಾಡಿ, ಪ್ರತಿ ಭಾಗವನ್ನೂ ಎಡದಿಂದ ಬಲಕ್ಕೆ, ಹೆಣ್ಣಿಗೊಮ್ಮೆ ಗಂಡಿಗೊಮ್ಮೆ, ಕಣ್ಣು ಹಾಯಿಸಿ ಎಣಿಸುತ್ತೀರಿ: ಹೆಣ್ಣು ಗಂಡು ಎಷ್ಟು, ಮಕ್ಕಳು, ಹದಿಹರೆಯದವರು, ವಯಸ್ಕರು, ಹಿರಿಯರು ಎಷ್ಟು, ಕುಳಿತವರೆಷ್ಟು, ನಡೆಯುವವರೆಷ್ಟು, ಓಡಿ ಆಡುವವರೆಷ್ಟು. ಜೊತೆಗೆ ಗೇಟು ತೆರೆದಿದೆಯಾ, ದೀಪ ಇದೆಯಾ ಎಂದು ಗುರುತಿಸಿ. ಕೆಲಸದ ದಿನ, ರಜೆ ದಿನ ಎರಡರಲ್ಲೂ, ಬೇರೆ ಬೇರೆ ಹೊತ್ತಿನಲ್ಲಿ ಎಣಿಸಬೇಕು. ಫೋಟೊ ತೆಗೆಯುವ ಅಗತ್ಯವೇ ಇಲ್ಲ. ಶುರುವಿನಲ್ಲಿ ಇಬ್ಬರು ಒಟ್ಟಿಗೆ ನಿಂತು ಬೇರೆ ಬೇರೆಯಾಗಿ ಎಣಿಸಿ. ಲೆಕ್ಕ ಕೂಡದಿದ್ದರೆ ನಿಮ್ಮ ನಿಯಮಗಳು ಇನ್ನೂ ಸ್ಪಷ್ಟ ಆಗಿಲ್ಲ. ಇಡೀ ಹೊತ್ತು ಅಲ್ಲಿ ಯಾರು *ಇಲ್ಲ* ಎಂಬುದನ್ನೂ ಗಮನಿಸಿ. ಸಂಜೆ ಏಳರ ನಂತರ ಹೆಂಗಸರ ಅಂಕಣದಲ್ಲಿ ಬರೀ ಸೊನ್ನೆಗಳಿದ್ದರೆ ಅದು ದೊಡ್ಡ ಫಲಿತಾಂಶ.

ಪರಿಸರಕ್ಕೆ ಬಂದರೆ, ಬಡಾವಣೆಯ ಹಸಿರನ್ನು ನೋಡಲು 3-30-300 ಎಂಬ ಸರಳ ನಿಯಮ ಇದೆ. ಸೆಸಿಲ್ ಕೊನೈನೆನ್‌ಡೈಕ್ ಅವರು 2021ರಲ್ಲಿ ಮುಂದಿಟ್ಟದ್ದು. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಬಡಾವಣೆಯ ಶೇ. 30ರಷ್ಟು ಜಾಗಕ್ಕೆ ಮರಗಳ ಮೇಲಾವರಣ ಇರಬೇಕು, ಉದ್ಯಾನ 300 ಮೀಟರ್ ಒಳಗಿರಬೇಕು. 300 ಮೀಟರನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯಬೇಡಿ, ನಡೆಯುವ ದಾರಿಯಲ್ಲಿ ಅಳೆಯಿರಿ. ನಡುವೆ ಒಂದು ಹೆದ್ದಾರಿ ಇದ್ದರೆ ವಯಸ್ಸಾದವರಿಗೆ ಆ ಉದ್ಯಾನ ಇದ್ದೂ ಇಲ್ಲದಂತೆ.

ಗಾಳಿಯಲ್ಲಿನ ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 5 ಮೈಕ್ರೊಗ್ರಾಂ, 24 ಗಂಟೆಯ ಸರಾಸರಿ 15. ನೀವು ಎರಡು ಗಂಟೆ ಅಳೆದ ಸಂಖ್ಯೆಯನ್ನು ವಾರ್ಷಿಕ ಮಟ್ಟದ ಪಕ್ಕ ಇಟ್ಟು "ಹತ್ತು ಪಟ್ಟು ಜಾಸ್ತಿ" ಎಂದು ಬರೆಯುವಂತಿಲ್ಲ. ಕಡಿಮೆ ಬೆಲೆಯ ಸೆನ್ಸರ್‌ಗಳು ತೇವ ಜಾಸ್ತಿ ಇದ್ದಾಗ ಕಣಗಳನ್ನು ಹೆಚ್ಚಾಗಿ ತೋರಿಸುತ್ತವೆ. ಹಾಗಾಗಿ ತೇವಾಂಶವನ್ನೂ ಬರೆದಿಡಿ. ಸದ್ದನ್ನು ಫೋನಿನ ಆ್ಯಪ್‌ನಲ್ಲಿ ಅಳೆಯುವುದಾದರೆ ಎಲ್ಲ ಕಡೆಯೂ ಅದೇ ಫೋನು, ಅದೇ ಆ್ಯಪ್ ಇರಲಿ. ಆಗ ಜಾಗ ಜಾಗಗಳ ನಡುವೆ ಹೋಲಿಸಬಹುದು.

5. ಯಾರನ್ನು ಕೇಳಬೇಕು

ಸ್ನೇಹಿತರಿಗೆ ಗೂಗಲ್ ಫಾರ್ಮ್ ಕಳಿಸಿದರೆ ಸ್ನೇಹಿತರ ಅಧ್ಯಯನ ಆಗುತ್ತದೆ, ಸಮುದಾಯದ್ದಲ್ಲ. 600 ಮನೆಗಳಿದ್ದು 60 ಮನೆ ಬೇಕಾದರೆ ಹೀಗೆ ಮಾಡಿ: ಒಂದರಿಂದ ಹತ್ತರೊಳಗೆ ಚೀಟಿ ಎತ್ತಿ. 7 ಬಂದರೆ 7, 17, 27 ಹೀಗೆ ಪ್ರತಿ ಹತ್ತನೇ ಮನೆ.

ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗುವುದು ಸುಲಭ. ಆದರೆ ಬಾಗಿಲು ಹಾಕಿರುವುದೇ ಅವರು ದುಡಿಯಲು ಹೋಗಿರುವುದರಿಂದ. ಹಗಲಲ್ಲಿ ಮನೆಯಲ್ಲಿ ಸಿಗುವವರನ್ನೇ ಕೇಳುತ್ತಾ ಹೋದರೆ ಅತಿ ಹೆಚ್ಚು ದುಡಿಯುವವರು, ಅತಿ ಕಡಿಮೆ ಬಿಡುವಿರುವವರು ನಿಮ್ಮ ಲೆಕ್ಕದಿಂದಲೇ ಜಾರಿಹೋಗುತ್ತಾರೆ. ರಾತ್ರಿ ಅಥವಾ ರಜೆ ದಿನ ಮತ್ತೆ ಹೋಗಿ. ಎಷ್ಟು ಮನೆ ಕೊನೆಗೂ ಸಿಗಲಿಲ್ಲ ಎಂದು ವರದಿಯಲ್ಲಿ ಬರೆಯಿರಿ.

ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ 100 ಜನರಿಂದ ಬಂದ ಶೇಕಡಾವಾರು ಲೆಕ್ಕದಲ್ಲಿ ಸುಮಾರು 10 ಅಂಶ ಆಚೀಚೆ ಇರಬಹುದು. 400 ಜನರಾದರೆ 5 ಅಂಶ. ಅಂದರೆ ನಿಖರತೆ ಎರಡು ಪಟ್ಟಾಗಲು ಕೆಲಸ ನಾಲ್ಕು ಪಟ್ಟು. ವಿದ್ಯಾರ್ಥಿಗಳಿಗೆ ನನ್ನ ಸಲಹೆ: ಜನ ಕಡಿಮೆ ಇರಲಿ, ಆಯ್ಕೆ ಸರಿಯಿರಲಿ, ಮಾತು ಆಳವಾಗಿರಲಿ.

6. ಪ್ರಾಯೋಗಿಕ ಸಮೀಕ್ಷೆ

ಮುಖ್ಯ ಪಟ್ಟಿಯಲ್ಲಿಲ್ಲದ ಐದಾರು ಜನರ ಮೇಲೆ ಪ್ರಶ್ನೆಗಳನ್ನು ಪ್ರಯೋಗಿಸಿ. "ನಿಮ್ಮ ಸಂಬಳ ಮತ್ತು ಕೆಲಸದ ವಾತಾವರಣ ತೃಪ್ತಿಕರವೇ?" ಎಂಬುದು ಎರಡು ಪ್ರಶ್ನೆ, ಒಡೆಯಿರಿ. "ಉದ್ಯಾನ ಕೊಳಕಾಗಿದೆ ಎಂದು ಒಪ್ಪುತ್ತೀರಾ?" ಎಂಬುದು ಉತ್ತರವನ್ನು ಬಾಯಿಗೆ ತುರುಕಿದಂತೆ, ಬದಲಿಸಿ. ಇಪ್ಪತ್ತೈದು ನಿಮಿಷ ದಾಟಿದರೆ ಪ್ರಶ್ನೆ ಕಡಿಮೆ ಮಾಡಿ.

7. ಕ್ಷೇತ್ರದಲ್ಲಿ

ಇಬ್ಬಿಬ್ಬರಾಗಿ ಹೋಗಿ, ಎಲ್ಲಿದ್ದೀರೆಂದು ಗೈಡ್‌ಗೆ ತಿಳಿದಿರಲಿ. ಕೋಬೋ ಟೂಲ್‌ಬಾಕ್ಸ್‌ನಂಥ ಆ್ಯಪ್ ನೆಟ್‌ವರ್ಕ್ ಇಲ್ಲದಿದ್ದರೂ ಉತ್ತರ ಉಳಿಸಿಕೊಳ್ಳುತ್ತದೆ. ಪ್ರತಿ ದಿನ ಸಂಜೆ, ಮಲಗುವ ಮೊದಲೇ, ಕಂಡದ್ದನ್ನು ಬರೆದಿಡಿ. "ಕಂಡದ್ದು" ಒಂದು ಕಡೆ, "ನನಗೆ ಅನಿಸಿದ್ದು" ಇನ್ನೊಂದು ಕಡೆ.

ದೀರ್ಘ ಸಂದರ್ಶನಕ್ಕೆ ಪ್ರಶ್ನಾವಳಿ ತುಂಬಿದವರಲ್ಲೇ ಬೇರೆ ಬೇರೆ ಬಗೆಯ ಕೆಲವರನ್ನು ಆರಿಸಿ. ಹೊಸ ವಿಷಯ ಬರುವುದು ನಿಂತಾಗ ನಿಲ್ಲಿಸಬಹುದು. ಜನರಿಗೆ ಮಾತಿಗಿಂತ ಚಿತ್ರ ಸುಲಭ ಅನಿಸಿದರೆ, ಅವರೇ ತಮ್ಮ ದಿನದ ಫೋಟೊ ತೆಗೆದು ಅದರ ಬಗ್ಗೆ ಮಾತಾಡುವ ಫೋಟೊವಾಯ್ಸ್ ವಿಧಾನವಿದೆ. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಇಲ್ಲಿ ಫೋಟೊದಲ್ಲಿ ಕಾಣುವ ಬೇರೆಯವರ ಒಪ್ಪಿಗೆಯೂ ಬೇಕಾಗುತ್ತದೆ, ಮರೆಯಬೇಡಿ.

8. ಲೆಕ್ಕ ಮತ್ತು ಅರ್ಥ

ಐದು ಜನರ ಬಿಡುವು 20, 25, 30, 35, 240 ನಿಮಿಷ ಅಂದುಕೊಳ್ಳಿ. ಸರಾಸರಿ 70. ಆದರೆ ನಾಲ್ವರಿಗೆ ಅದರ ಅರ್ಧವೂ ಮೀರಿಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಇಟ್ಟಾಗ ನಡುವೆ ಬರುವ ಸಂಖ್ಯೆ, 30, ನಿಜಕ್ಕೆ ಹತ್ತಿರ ಇರುವುದು ಅದೇ. ದುಡಿಮೆ, ಬಿಡುವು, ಆದಾಯದ ಲೆಕ್ಕಗಳಲ್ಲಿ ಯಾವಾಗಲೂ ಎರಡನ್ನೂ ಕೊಡಿ.

ಡೆಸಿಬೆಲ್‌ಗಳನ್ನು ಕೂಡಿ ಭಾಗಿಸಬೇಡಿ. ಅದು ಲಾಗರಿದಮ್ ಅಳತೆ, ಅಂದರೆ 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಒಂದಷ್ಟು ಹೊತ್ತು 60, ಅಷ್ಟೇ ಹೊತ್ತು 70 ಡೆಸಿಬೆಲ್ ಇದ್ದರೆ ಸರಾಸರಿ 65 ಅಲ್ಲ, ಸುಮಾರು 67.4.

ಎಂಟು ಜನರಲ್ಲಿ ಆರು ಮಂದಿ ಹೇಳಿದ್ದನ್ನು "ಶೇ. 75" ಎಂದು ಬರೆಯದೆ "ಎಂಟರಲ್ಲಿ ಆರು ಮಂದಿ" ಎಂದೇ ಬರೆಯಿರಿ.

ಇನ್ನು ಕಾರಣದ ವಿಷಯ. ಉದ್ಯಾನಕ್ಕೆ ಹೋಗುವವರ ಯೋಗಕ್ಷೇಮದ ಅಂಕ ಜಾಸ್ತಿ ಬಂತು ಅನ್ನಿ. ಉದ್ಯಾನದಿಂದ ನೆಮ್ಮದಿ ಬಂದಿರಬಹುದು. ಆರೋಗ್ಯವಾಗಿರುವವರಷ್ಟೇ ಅಲ್ಲಿಗೆ ಹೋಗುತ್ತಿರಬಹುದು. ಅಥವಾ ಕೆಲಸದ ಗಂಟೆ ಕಡಿಮೆ ಇರುವವರಿಗೆ ನೆಮ್ಮದಿಯೂ ಇದೆ, ಉದ್ಯಾನಕ್ಕೆ ಹೋಗಲು ಹೊತ್ತೂ ಇದೆ. ಮೂರನೆಯದನ್ನು ನಿಮ್ಮ ಬಳಿ ಇರುವ ದಿನಚರಿಯಿಂದಲೇ ಪರೀಕ್ಷಿಸಬಹುದು: ಒಂದೇ ರೀತಿಯ ಗಂಟೆ ದುಡಿಯುವವರನ್ನು ಗುಂಪು ಮಾಡಿ, ಆ ಗುಂಪಿನೊಳಗೆ ಹೋಲಿಸಿ. ವ್ಯತ್ಯಾಸ ಮಾಯವಾದರೆ ಕಾರಣ ಉದ್ಯಾನಕ್ಕಿಂತ ದುಡಿಮೆಯ ಗಂಟೆಯಲ್ಲೇ ಇರುವ ಸಾಧ್ಯತೆ ಹೆಚ್ಚು.

ಸಂದರ್ಶನದ ಮಾತುಗಳನ್ನು ಎರಡು ಸಲ ಪೂರ್ತಿ ಓದಿ, ಸಾಲು ಸಾಲಿಗೆ ಗುರುತು ಹಾಕಿ, ಹೋಲುವ ಗುರುತುಗಳನ್ನು ಒಟ್ಟಿಗೆ ತನ್ನಿ. ನಿಮ್ಮ ಊಹೆಗೆ ಒಗ್ಗದ ಮಾತು ಸಿಕ್ಕರೆ ಅದನ್ನು ವರದಿಯಲ್ಲಿ ಇಡಲೇಬೇಕು.

9. ವರದಿ, ಮತ್ತು ಜನರಿಗೆ ಹಿಂತಿರುಗಿಸುವುದು

ವರದಿಯ ಅಧ್ಯಾಯಗಳನ್ನು ವಿಷಯವಾರು ಮಾಡದೆ ದಿನದ ಹೊತ್ತಿನ ಪ್ರಕಾರ ಮಾಡಿ ನೋಡಿ: ಬೆಳಗ್ಗೆ, ದುಡಿಮೆಯ ಹೊತ್ತು, ಸಂಜೆ, ರಾತ್ರಿ. ಗೈಡ್ ಒಪ್ಪದಿದ್ದರೆ ಫಲಿತಾಂಶದ ಅಧ್ಯಾಯವನ್ನಾದರೂ ಹಾಗೆ ಬರೆಯಿರಿ. ಯಾರು ಸಿಗಲಿಲ್ಲ, ಯಾವ ಋತುವಿನಲ್ಲಿ ಅಳೆದಿರಿ, ಯಾವ ಸೆನ್ಸರ್ ಬಳಸಿದಿರಿ ಎಂಬುದನ್ನು ಮುಚ್ಚಿಡಬೇಡಿ.

ಮಾರಿಯೆಂತಾಲ್‌ಗೆ ಹೋದ ತಂಡ ಬರೀ ನೋಡುವವರಾಗಿ ಇರಬಾರದು ಎಂದು ನಿರ್ಧರಿಸಿಕೊಂಡಿತ್ತು. ಬಟ್ಟೆ ಹಂಚಿದರು, ವೈದ್ಯರಿಂದ ಉಚಿತ ತಪಾಸಣೆ ಮಾಡಿಸಿದರು, ಹೊಲಿಗೆಯ ತರಗತಿ ನಡೆಸಿದರು. ವಿದ್ಯಾರ್ಥಿಗಳಿಂದ ಅಷ್ಟು ಆಗದಿರಬಹುದು. ಆದರೆ ಸಮಯ ಕೊಟ್ಟವರಿಗೆ ಫಲಿತಾಂಶ ತಲುಪಿಸುವುದು ಆಗುತ್ತದೆ, ಅದನ್ನು ಬಿಡಬಾರದು. ಎರಡು ಪುಟದ ಸಾರಾಂಶ, ಒಂದು ದೊಡ್ಡ ನಕ್ಷೆ, ಒಂದು ಸಂಜೆಯ ಸಭೆ ಸಾಕು. ಸಭೆ ದುಡಿಯುವವರು ಬರಬಹುದಾದ ಹೊತ್ತಿನಲ್ಲಿರಲಿ. ಅಲ್ಲಿ ಯಾರಾದರೂ "ಇದು ಹೀಗಲ್ಲ" ಅಂದರೆ ಬರೆದುಕೊಳ್ಳಿ, ಸಾಧ್ಯವಾದರೆ ವರದಿ ಸಲ್ಲಿಸುವ ಮೊದಲೇ ಸಭೆ ಮಾಡಿ, ಆಗ ತಿದ್ದಲು ಅವಕಾಶ ಇರುತ್ತದೆ. ಬೀದಿದೀಪ, ಗೇಟಿನ ಸಮಯ, ನೆರಳಿನಂಥ ಸಣ್ಣ ಬೇಡಿಕೆ ಹೊರಬಂದರೆ, ನಿಮ್ಮ ಎಣಿಕೆಯ ಪ್ರತಿಯನ್ನು ಹೆಸರುಗಳಿಲ್ಲದೆ ಅವರಿಗೇ ಕೊಡಿ. ಸ್ಥಳೀಯ ಆಡಳಿತಕ್ಕೆ ಅರ್ಜಿ ಬರೆಯುವಾಗ ಅವರು ಅದನ್ನು ಜೊತೆಗಿಡಬಹುದು. ಹೆಸರು ಮತ್ತು ಸಂಖ್ಯೆ ಜೋಡಿಸಿದ ಹಾಳೆಯನ್ನು ಒಪ್ಪಿಗೆ ಪತ್ರದಲ್ಲಿ ಹೇಳಿದ ದಿನಾಂಕಕ್ಕೆ ನಾಶ ಮಾಡಿ, ಧ್ವನಿಮುದ್ರಣಗಳನ್ನು ಫೋನಿನಿಂದಲೂ ಅದರ ಬ್ಯಾಕಪ್‌ನಿಂದಲೂ ಅಳಿಸಿ.